ಗಡಾಯಿಕಲ್ಲಿನ ಒಂದೇ ದಾರಿ

ಕಲ್ಲು ಹತ್ತುವ ದಾರಿಯೊಂದರ ಚರಿತ್ರೆಯನ್ನು ಬರೆಯಹೊರಟವನು ಕಾರಡ್ಕದವನೆಂದರೆ ಓದುಗರಿಗೆ ನಗು ಬಂದೀತು. ನಮ್ಮಲ್ಲಿ ಹತ್ತುವಂಥ ಕಲ್ಲೆಲ್ಲಿದೆ? ಬದಿಯಡ್ಕ, ಕಾರಡ್ಕ, ಅಡ್ಯನಡ್ಕ ಎಂದು ನಮ್ಮ ಊರುಗಳ ಹೆಸರಿನ ಬಾಲದಲ್ಲಿಯೇ ಇರುವ ‘ಅಡ್ಕ’ವೆಂದರೆ ಮುರಕಲ್ಲಿನ ಹಾಸಿನ ಮೇಲಿನ ಬೋಳು ಬಯಲು. ಮಳೆಗಾಲದಲ್ಲಿ ಅದರ ಮೇಲೆ ಹುಲ್ಲು, ಬೇಸಿಗೆಯಲ್ಲಿ ಬರಿಗಾಲಿಡಲಾಗದ ಬಿಸಿ. ನಮ್ಮ ಕನ್ನಡ ಭಾಗದವರು ಎತ್ತರವೆಂದು ಹೆಮ್ಮೆಯಿಂದ ತೋರಿಸುವ ಪೊಸಡಿಗುಂಪೆಯೂ ಸುಮಾರು ಸಾವಿರ ಅಡಿ, ಅಷ್ಟೆ. ಅಲ್ಲಿಗೆ ಹುಲ್ಲಿನ ನಡುವಿನ ಕಾಲುದಾರಿಯಲ್ಲಿ ಮಾತಾಡಿಕೊಂಡೇ ನಡೆದುಹೋಗಬಹುದು.

ಆದರೂ ಏರುವ ಇಳಿಯುವ ವಿದ್ಯೆ ನಮ್ಮವರಿಗೆ ಹೊಸತಲ್ಲ. ಕಾಲಿಗೆ ತಳೆ ಹಾಕಿ ಅಡಕೆ ಮರ ಏರಿದವನು, ಒಂದು ಮರದ ಗೊನೆ ಕೊಯ್ದಾದ ಮೇಲೆ ಕೆಳಗಿಳಿಯದೆ ಮರವನ್ನೇ ತೂಗಿ ಪಕ್ಕದ ಮರವನ್ನು ಹಿಡಿಯುವುದನ್ನು ನಾವೆಲ್ಲ ಮಕ್ಕಳಾಗಿದ್ದಾಗ ಬಾಯಿ ತೆರೆದು ನೋಡಿದವರೇ. ಬಾವಿ ತೋಡುವವರು ಗೋಡೆಯ ಮುರಕಲ್ಲಿನಲ್ಲಿ ಪಾದ ಹಿಡಿಯುವಷ್ಟೇ ಗೂಡುಗಳನ್ನು ಎಡಕ್ಕೊಂದು ಬಲಕ್ಕೊಂದು ಕಡಿದು, ಏಣಿಯ ಹಂಗಿಲ್ಲದೆ ಇಳಿದು ಏರುತ್ತಿದ್ದರು. ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆದ ಸುರಂಗಗಳ ನೀರಿನಿಂದ ಎಷ್ಟೋ ಅಡಕೆ ತೋಟಗಳು ಬದುಕಿವೆ. ನೆಟ್ಟಣಿಗೆ ದೇವಸ್ಥಾನಕ್ಕೆ ಸಂಬಂಧಪಟ್ಟು, ಗಡಿಯಂಚಿನ ಕಾಡಿನಲ್ಲಿರುವ ಜಾಂಬ್ರಿ ಗುಹೆಗೆ 12 ವರ್ಷಕ್ಕೊಮ್ಮೆ ವ್ರತ ಹಿಡಿದವರು ಇಳಿಯುತ್ತಾರೆ. ಇವೆಲ್ಲ ಮುರಕಲ್ಲಿನ ನಾಡಿನ ವಿದ್ಯೆಗಳು. ಹೊಸದಾಗಿ ಅಗೆದಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಈ ಕಲ್ಲು ಮನುಷ್ಯನ ಕೈಗೆ ಒಗ್ಗುತ್ತದೆ. ಕರಿಕಲ್ಲಿನ ಸ್ವಭಾವ ಬೇರೆ. ಆ ಬೇರೆ ಕಲ್ಲಿನ ಮೇಲಿನ ದಾರಿಯೊಂದನ್ನು, ನಮ್ಮ ಕಡೆಯಿಂದ ನೋಡಿ, ಇಲ್ಲಿ ಬರೆಯುತ್ತಿದ್ದೇನೆ.

ಬೆಳ್ತಂಗಡಿಯ ಗಡಾಯಿಕಲ್ಲು ಹೆಸರು ಕೇಳದ ಕಲ್ಲೇನೂ ಅಲ್ಲ. ಧರ್ಮಸ್ಥಳಕ್ಕೆ ಹೋಗುವ ನಮ್ಮ ಮನೆಮಂದಿ ಉಜಿರೆಯ ಹತ್ತಿರ ಬಸ್ಸಿನ ಕಿಟಕಿಯಿಂದ ಅದನ್ನು ಕಂಡಿರುತ್ತಾರೆ. ಘಟ್ಟದ ಸಾಲಿನಿಂದ ಬಿಡಿಸಿಕೊಂಡು ಮುಂದೆ ಬಂದು ನಿಂತ ಒಂದೇ ಬಂಡೆ. ಸಮುದ್ರಮಟ್ಟದಿಂದ ಎತ್ತರ ಸುಮಾರು 1,700 ಅಡಿ. ಕಂಡವರು ಬಹಳ, ಹತ್ತಿದವರು ಕಡಿಮೆ. ಹತ್ತಿದವರಲ್ಲಿಯೂ ಆ ದಾರಿಗೂ ನಮ್ಮ ಕುಂಬಳೆ ಸೀಮೆಗೂ ಏನು ಸಂಬಂಧವೆಂದು ಯೋಚಿಸಿದವರು ಇನ್ನೂ ಕಡಿಮೆ. ಸಂಬಂಧವಿದೆ, ಅದೂ ದೂರದ್ದಲ್ಲ.

ಮೊದಲ ಎಳೆ ಸಿಗುವುದು ಒಬ್ಬ ಪರದೇಶಿಯ ಪ್ರವಾಸದಲ್ಲಿ. ಕುಂಪಣಿ ಸರಕಾರದ ವೈದ್ಯನಾಗಿದ್ದ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಪ್ರಾಂತಗಳನ್ನು ಸುತ್ತಿದ. ಅವನ ಪ್ರವಾಸ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮಲಬಾರಿನ ಅಂಗಾಡಿಪ್ಪುರದಲ್ಲಿ ನಮ್ಮ ಮುರಕಲ್ಲನ್ನು, ಅಂದರೆ ಮಲಯಾಳಿಗಳ ಚೆಂಗಲ್ಲನ್ನು ಕಂಡು, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಇವನೇ. ಆ ಹೆಸರು ಇಂದು ಲೋಕದ ಭೂಗರ್ಭಶಾಸ್ತ್ರದ ಪುಸ್ತಕಗಳಲ್ಲೆಲ್ಲ ಇದೆ. ಅಂಗಾಡಿಪ್ಪುರದಲ್ಲಿ 1979ರಲ್ಲಿ ಅದಕ್ಕೊಂದು ಸ್ಮಾರಕವನ್ನೂ ನಿಲ್ಲಿಸಿದ್ದಾರೆ. ನಮ್ಮ ಮನೆಯ ಗೋಡೆಗೆ, ತೋಟದ ಅಗಳಿಗೆ, ಬಾವಿಯ ಕಟ್ಟೆಗೆ ಲೋಕಪ್ರಸಿದ್ಧವಾದ ಹೆಸರೊಂದು ಇದ್ದೀತೆಂದು ನಾವು ಎಣಿಸಿಯೇ ಇರಲಿಲ್ಲ.

ಅದೇ ಬುಕಾನನ್ 1801ರ ಜನವರಿಯಲ್ಲಿ ಮಲಬಾರಿನಿಂದ ಬಡಗಣಕ್ಕೆ ಬಂದ. ಚಂದ್ರಗಿರಿ ಹೊಳೆಯನ್ನು ಮಲಯಾಳ ಮತ್ತು ತುಳು ನಾಡುಗಳ ಮೇರೆಯೆಂದು ಗುರುತಿಸಿ, ಕುಂಬಳೆ, ಮಂಜೇಶ್ವರ ದಾಟಿ ಮಂಗಳೂರು ಸೇರಿದ. ಅಲ್ಲಿಂದ ಬೆಳ್ತಂಗಡಿ, ವೇಣೂರು, ಮೂಡಬಿದಿರೆಗಳ ದಾರಿ ಹಿಡಿದ. ಅವನು ಗಡಾಯಿಕಲ್ಲಿನ ಸಮೀಪ ಬಂದಾಗ ಅಲ್ಲಿಯ ಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಅವನು ಕುಂಪಣಿಯ ನೌಕರ. ಕುಂಪಣಿಗೆ ಬೇಕಾದುದನ್ನು ನೋಡಲು ಬಂದವನು ಎಂಬುದನ್ನು ಮರೆಯದೆಯೇ ಅವನನ್ನು ಓದಬೇಕು. ಆದರೆ ನಮ್ಮ ಅಡ್ಕವನ್ನೂ ಆ ಬಂಡೆಯನ್ನೂ ಒಂದೇ ಪ್ರವಾಸದಲ್ಲಿ, ಒಂದೇ ನಾಡಿನ ಎರಡು ಕಲ್ಲುಗಳೆಂಬಂತೆ ನೋಡಿದ ಬರವಣಿಗೆ ಅದು. ಆಮೇಲಿನವರು ಹಾಗೆ ನೋಡುವುದನ್ನು ಬಿಟ್ಟರು.

ಇನ್ನು ಕೋಟೆಯ ವಿಚಾರ. ಬಂಡೆಗೆ ಮೊದಲು ನರಸಿಂಹಗಡವೆಂದು ಹೆಸರು; ಬುಡದಲ್ಲಿದ್ದ ಪೇಟೆ ನರಸಿಂಹಂಗಡಿ. ಟಿಪ್ಪು ಸುಲ್ತಾನನು ಹಳೆಯ ಪೇಟೆಯನ್ನು ತೆಗೆದು ಹೊಸ ಪೇಟೆ ಕಟ್ಟಿಸಿ, ಮೇಲೆ ಕೋಟೆ ಮಾಡಿಸಿ, ಜಮಾಲಾಬಾದ್ ಎಂದು ಕರೆದ. ತಾಯಿಯ ನೆನಪಿಗೆ ಇಟ್ಟ ಹೆಸರೆಂದು ಹೇಳುವುದುಂಟು. ಕೋಟೆಗೆ 1794ರ ಇಸವಿಯನ್ನು ಹೇಳುವುದು ರೂಢಿ. ಮಂಗಳೂರಿನ ಯುದ್ಧ ಮುಗಿಸಿ ಹಿಂದಿರುಗುವಾಗ, 1784ರಲ್ಲಿಯೇ, ಈ ಬಂಡೆ ಅವನ ಕಣ್ಣಿಗೆ ಬಿತ್ತೆಂದೂ ಬರೆದವರಿದ್ದಾರೆ. ಎರಡನ್ನೂ ಸೇರಿಸಿ ಓದಿದರೆ ಕತೆ ಸ್ಪಷ್ಟವಾಗುತ್ತದೆ.

1783ರ ಮೇ ತಿಂಗಳಿನಿಂದ 1784ರ ಜನವರಿಯವರೆಗೆ ಮಂಗಳೂರಿನ ಕೋಟೆಯಲ್ಲಿ ಕುಳಿತ ಇಂಗ್ಲಿಷರನ್ನು ಹೊರಗೆಳೆಯಲು ಟಿಪ್ಪು ತಿಂಗಳುಗಟ್ಟಲೆ ಹೆಣಗಬೇಕಾಯಿತು. ಮಾರ್ಚ್ 11ರಂದು ಒಪ್ಪಂದವಾದ ಮೇಲೆ ಅವನು ಆ ಕೋಟೆಯನ್ನು ಕೆಡವಿಸಿಯೇ ಬಿಟ್ಟ. ಕಡಲ ಬದಿಯ ಕೋಟೆ ಹಡಗುಳ್ಳವನಿಗೆ ಅನುಕೂಲ, ಇಲ್ಲದವನಿಗೆ ಬಲೆ ಎಂದು ಅವನಿಗೆ ತಿಳಿದಿತ್ತು. ಆಮೇಲಿನ ಯುದ್ಧದಲ್ಲಿ ಕಾರ್ನ್‌ವಾಲಿಸನು 1791ರ ಅಕ್ಟೋಬರಿನಲ್ಲಿ ನಂದಿದುರ್ಗವನ್ನೂ ಡಿಸೆಂಬರಿನಲ್ಲಿ ಸಾವನದುರ್ಗವನ್ನೂ ಹಿಡಿದ. ಏರಲಾರದ ಬಂಡೆಗಳೆಂದು ಹೆಸರಾಗಿದ್ದ ಎರಡು ದುರ್ಗಗಳು ಮೂರು ತಿಂಗಳೊಳಗೆ ಹೋದುವು. ಅಷ್ಟಾದ ಮೇಲೂ ಮತ್ತೊಂದು ಬಂಡೆಯ ಮೇಲೆ ಕೋಟೆ ಏಕೆ?

ಉತ್ತರ ನಮ್ಮ ಕಡೆಯಲ್ಲಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. ಮಲಬಾರು ಕುಂಪಣಿಗೆ ಹೋಯಿತು. ಕೊಡಗು ಅವನ ಕೈತಪ್ಪಿ ಕುಂಪಣಿಯ ಮಿತ್ರರಾಜ್ಯವಾಯಿತು. ನಕಾಶೆ ತೆರೆದು ನೋಡಿರಿ. ನೀಲೇಶ್ವರದ ತೆಂಕಣಕ್ಕೆ ಕುಂಪಣಿ. ಮೂಡಣದ ಘಟ್ಟದ ಮೇಲೆ, ಪಯಸ್ವಿನಿ ಹುಟ್ಟುವಲ್ಲಿ, ಕೊಡಗಿನ ಅರಸು. ನಡುವೆ ಸಿಕ್ಕಿಬಿದ್ದುದು ಬೇಕಲ, ಚಂದ್ರಗಿರಿ, ಕುಂಬಳೆ, ವಿಟ್ಲ, ಅಂದರೆ ನಮ್ಮ ನೆಲ. ಅಂದೂ ನಾವು ಗಡಿನಾಡಿನವರೇ. ಆ ಗಡಿ ಏಳು ವರ್ಷ ಬಾಳಿತು, ಅಷ್ಟೆ; ಆದರೆ ಗಡಾಯಿಕಲ್ಲಿನ ಮೆಟ್ಟಿಲುಗಳು ಅದರ ಗುರುತಾಗಿ ಉಳಿದುವು. ತೆಂಕಣ ಗಡಿಯನ್ನು ಕಾಯುವ ಬೇಕಲ ಕಡಲ ಬದಿಯಲ್ಲಿತ್ತು. ಅದು ಕೈಬಿಟ್ಟರೆ ಘಟ್ಟದ ಬುಡದಲ್ಲಿ ನಿಲ್ಲಲು ಒಂದು ನೆಲೆ ಬೇಕಿತ್ತು. ಬೆಳ್ತಂಗಡಿಯಿಂದಲೇ ನೋಡುವವರಿಗೆ ಈ ಕೋಟೆ ಅರಸನ ಒಂದು ಹುಚ್ಚು ಸಾಹಸದಂತೆ ಕಾಣುತ್ತದೆ. ಕಾಸರಗೋಡಿನಿಂದ ನೋಡಿದರೆ ಲೆಕ್ಕಾಚಾರ ಕಾಣುತ್ತದೆ. ನನ್ನ ಈ ಅಭಿಪ್ರಾಯವನ್ನು ಒಪ್ಪದವರಿರಬಹುದು. ಆದರೆ 1792ನ್ನು ಬಿಟ್ಟು 1794ನ್ನು ವಿವರಿಸುವುದು ಕಷ್ಟ.

ಬೇಕಲವನ್ನೂ ಗಡಾಯಿಕಲ್ಲನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಒಂದು ಒಳ್ಳೆಯ ಪಾಠ. ಇಕ್ಕೇರಿ ಅರಸರ ಬೇಕಲ ಮುರಕಲ್ಲಿನ ಕೋಟೆ. ಕಲ್ಲನ್ನು ಕಡಿದು, ಒಂದರ ಮೇಲೊಂದು ಪೇರಿಸಿ, ಗೋಡೆ ಎಬ್ಬಿಸಿ ಮಾಡಿದ್ದು. ಗಡಾಯಿಕಲ್ಲಿನಲ್ಲಿ ಗೋಡೆ ಕಟ್ಟುವ ಕೆಲಸ ಬಹುಪಾಲು ಮೊದಲೇ ಆಗಿತ್ತು. ಬಂಡೆಯ ಬದಿಗಳೇ ಗೋಡೆ. ಅಲ್ಲಿ ಮನುಷ್ಯ ಮಾಡಬೇಕಾಗಿದ್ದುದು ದಾರಿಯನ್ನು. ಬೇಕಲದಲ್ಲಿ ಗೋಡೆ ಕಟ್ಟಿ ಬಾಗಿಲು ಬಿಟ್ಟರು, ಇಲ್ಲಿ ಬಾಗಿಲನ್ನೇ 1,876 ಮೆಟ್ಟಿಲಷ್ಟು ಉದ್ದಕ್ಕೆ ಕಡಿದರು. 1,876 ಎಂಬುದು ಎಲ್ಲರೂ ಹೇಳುವ ಲೆಕ್ಕ. ನಾನು ಎಣಿಸಲು ಹೊರಟು ಮುನ್ನೂರರ ಸುಮಾರಿಗೆ ಉಸಿರಿಗಾಗಿ ಲೆಕ್ಕ ಬಿಟ್ಟೆ.

ನಾನು ಹತ್ತಿದ್ದು ಒಂದು ಜನವರಿಯಲ್ಲಿ. ಜತೆಗೆ ಬಂದವರು ನಮ್ಮ ತೋಟಕ್ಕೆ ಅಡಕೆ ಕೊಯ್ಯಲೂ ಮಳೆಗಾಲದಲ್ಲಿ ಮದ್ದು ಬಿಡಲೂ ಬರುತ್ತಿದ್ದ ಅಣ್ಣ. ಅರುವತ್ತು ದಾಟಿದವರು, ಮರ ಏರುವುದನ್ನು ಬಿಟ್ಟು ಕೆಲವು ವರ್ಷಗಳಾಗಿದ್ದುವು. ಪುಸ್ತಕ ಓದಿದ ನನಗಿಂತ ಹೆಚ್ಚನ್ನು ಅವರ ಕಾಲುಗಳು ಓದಿದುವು ಎಂದು ಹೇಳದಿದ್ದರೆ ತಪ್ಪಾದೀತು.

ಬುಡದಲ್ಲಿ ಕಾಡು. ಮೊದಲಿನ ಮೆಟ್ಟಿಲುಗಳು ಅಗಲ. ಮರದ ನೆರಳಿದೆ, ಒಣಗಿದ ಎಲೆಯ ಮೇಲೆ ಕಾಲು ಜಾರುತ್ತದೆಂಬುದನ್ನು ಬಿಟ್ಟರೆ ಕಷ್ಟವಿಲ್ಲ. ಸ್ವಲ್ಪ ಮೇಲೆ ಹೋದಂತೆ ಮಣ್ಣು ಮುಗಿದು ಬಂಡೆ ಸುರುವಾಗುತ್ತದೆ, ಮರಗಳು ಹಿಂದೆ ಬೀಳುತ್ತವೆ, ದಾರಿ ಕಿರಿದಾಗುತ್ತದೆ. ಒಂದು ಬದಿಗೆ ಕಲ್ಲು, ಇನ್ನೊಂದು ಬದಿಗೆ ಬರೇ ಗಾಳಿ. ಕೆಲವು ಮೆಟ್ಟಿಲು ಕಲ್ಲು ತಂದು ಇಟ್ಟದ್ದು, ಕೆಲವು ಬಂಡೆಯಲ್ಲಿಯೇ ಕಡಿದದ್ದು. ಒಂದು ಗೇಣೆತ್ತರದ ಮೆಟ್ಟಿಲಿನ ಮೇಲೆ ಮೊಳದೆತ್ತರದ್ದು. ಅದರ ಮೇಲೆ ಪಾದದ ಅರ್ಧ ಮಾತ್ರ ಊರುವಂಥದ್ದು.

“ಮಾಷ್ಟ್ರೇ, ಇದು ನಮ್ಮ ಕಾಲಿನ ಲೆಕ್ಕಕ್ಕೆ ಕಡಿದದ್ದಲ್ಲ” ಎಂದರು ಅಣ್ಣ. “ಕಲ್ಲು ಎಲ್ಲಿ ಬಿಟ್ಟಿತೋ ಅಲ್ಲಿ ಕಡಿದಿದ್ದಾರೆ. ಬಾವಿಯಲ್ಲಾದರೆ ನಮ್ಮ ಕಾಲು ನೋಡಿ ಗೂಡು ಕಡಿಯಬಹುದು. ಇಲ್ಲಿ ಕಲ್ಲೇ ಯಜಮಾನ.”

ಕರಿಕಲ್ಲು ಕಡಿಯುವ ಕ್ರಮವನ್ನು ನೋಡಿದವರಿಗೆ ಈ ಮಾತಿನ ಸತ್ಯ ತಿಳಿದೀತು. ಉಳಿಯಿಂದ ಸಾಲಾಗಿ ಗುಳಿ ತೋಡಿ, ಬೆಣೆ ಹೊಡೆದು, ಕಲ್ಲಿನ ಎಳೆ ಹಿಡಿದು ಸೀಳಬೇಕು; ಬೆಂಕಿ ಹಾಕಿ ಕಾಯಿಸಿ ಹಪ್ಪಳ ಏಳಿಸುವುದೂ ಉಂಟು. ಎಳೆಗೆ ವಿರುದ್ಧವಾಗಿ ಹೋದರೆ ದಿನವಿಡೀ ಹೊಡೆದರೂ ಮುಷ್ಟಿಯಷ್ಟು ಚೂರು ಬೀಳದು. ಹಾಗಾಗಿ ದಾರಿ ಎಲ್ಲಿ ತಿರುಗಬೇಕು, ಎಲ್ಲಿ ಕಡಿದಾಗಬೇಕು ಎಂದು ನಿರ್ಧರಿಸಿದ್ದರಲ್ಲಿ ಸುಲ್ತಾನನ ಎಂಜಿನಿಯರುಗಳ ಪಾಲು ಎಷ್ಟೋ, ಬಂಡೆಯ ಪಾಲೂ ಅಷ್ಟೇ. ಉಳಿ ಹಿಡಿದು ಆ ಇಳಿಜಾರಿನಲ್ಲಿ ಕುಳಿತವರ ಹೆಸರನ್ನು ನಾವು ಓದುವ ಪುಸ್ತಕಗಳು ಹೇಳುವುದಿಲ್ಲ. ಮೆಟ್ಟಿಲಿಲ್ಲದ ಬಂಡೆಯನ್ನು ಮೊದಲು ಏರಿದವರು ಅವರೇ ಅಲ್ಲವೆ? ಮುಂದಿನ ಮೆಟ್ಟಿಲನ್ನು ಕಡಿಯಬೇಕಾದರೆ ಅದಿಲ್ಲದೆಯೇ ಅಲ್ಲಿ ನಿಲ್ಲಬೇಕು.

ಮೇಲೆ ಹೋದಂತೆ ಕಲ್ಲಿನ ಬಾಗಿಲಿನ ಅವಶೇಷ, ಬುರುಜಿನ ಗೋಡೆಯ ತುಂಡುಗಳು ಸಿಗುತ್ತವೆ. ದಾರಿಯ ಯಾವ ತಿರುವಿನಲ್ಲಿ ನಿಂತರೂ ಮೇಲಿನವನಿಗೆ ಕೆಳಗಿನವನು ಕಾಣುತ್ತಾನೆ, ಕೆಳಗಿನವನಿಗೆ ಮೇಲಿನವನು ಕಾಣುವುದಿಲ್ಲ. ಮೇಲಿದ್ದವರಿಗೆ ತೋಪು ಕೂಡ ಬೇಡ, ಕಲ್ಲು ಉರುಳಿಸಿದರೆ ಸಾಕು. ತುದಿಯಲ್ಲಿ ಒಂದು ಕೆರೆ, ಬಿದ್ದುಹೋದ ಕಟ್ಟಡಗಳು, ಒಂದು ತೋಪು. ಆ ತೋಪನ್ನು ನೋಡಿ ಅಣ್ಣ ಕೇಳಿದ ಪ್ರಶ್ನೆ ಒಂದೇ: “ಇದನ್ನು ಹೊತ್ತವರು ಯಾರು ಮಾರಾಯ್ರೇ?” ಅಕ್ಕಿ, ಮದ್ದುಗುಂಡು, ಉಪ್ಪು, ಎಣ್ಣೆ ಎಲ್ಲವೂ ಆ ಮೆಟ್ಟಿಲ ಮೇಲೆಯೇ ಯಾರದೋ ತಲೆಯ ಮೇಲೆ ಏರಬೇಕಿತ್ತು. ಕೋಟೆಯ ಬಲವನ್ನು ಬರೆಯುವವರು ಗೋಡೆ, ತೋಪು, ಸಿಪಾಯಿಗಳನ್ನು ಲೆಕ್ಕ ಹಾಕುತ್ತಾರೆ. ಹೊರೆ ಹೊತ್ತ ತಲೆಗಳನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಇಳಿಯುವುದು ಏರುವುದಕ್ಕಿಂತ ಕಷ್ಟ. ಅಣ್ಣ ಕಲ್ಲಿಗೆ ಮುಖ ಮಾಡಿ, ಮರ ಇಳಿಯುವವರಂತೆ ಇಳಿದರು. ಸವೆದು ನುಣುಪಾದ ನಡುಭಾಗವನ್ನು ಬಿಟ್ಟು ಗೋಡೆಯ ಬದಿಗೇ ಕಾಲಿಡಿರೆಂದು ನನಗೂ ಹೇಳಿದರು. ನಾನು ಹೇಳಿದಂತೆ ಮಾಡಿದೆ.

ಈಗ 1799ಕ್ಕೆ ಬರೋಣ. ಆ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ತುಳುನಾಡಿಗೆ ಘಟ್ಟದ ಮೇಲಿನಿಂದ ಕೊಡಗಿನ ದೊಡ್ಡ ವೀರರಾಜೇಂದ್ರನ ಜನ ಇಳಿದರು; ಜಮಾಲಾಬಾದಿನ ಬುಡದಲ್ಲಿದ್ದ ಹೊಸ ಪೇಟೆ ಅವರ ಕೈಯಲ್ಲಿ ನಾಶವಾಯಿತು. ಕೋಟೆ ಕುಂಪಣಿಯ ವಶವಾಯಿತು. ಕೆನರಾದ ಮೊದಲ ಕಲೆಕ್ಟರನಾಗಿ ತಾಮಸ್ ಮನ್ರೋ ಬಂದ. ಕಾಗದದ ಮೇಲೆ ಎಲ್ಲವೂ ಮುಗಿದಿತ್ತು. ಜನರ ಮಟ್ಟಿಗೆ ಮುಗಿದಿರಲಿಲ್ಲ. ಹೈದರನ ಕಾಲದಿಂದ ಅಧಿಕಾರ ಕಳೆದುಕೊಂಡು ತಲೆಮರೆಸಿಕೊಂಡಿದ್ದ ಮನೆತನಗಳು, ಸುಲ್ತಾನ ಹೋದನಲ್ಲ, ಇನ್ನು ನಮ್ಮ ಸೀಮೆ ನಮಗೆ ಎಂದು ಹಿಂದಿರುಗಿದುವು. ತಲಶ್ಶೇರಿಯಲ್ಲಿ ಆಶ್ರಯ ಪಡೆದಿದ್ದ ಕುಂಬಳೆಯ ಅರಸ 1799ರಲ್ಲಿ ಮರಳಿ ಬಂದು ಸ್ವತಂತ್ರವಾಗಿ ಆಳಲು ಯತ್ನಿಸಿದ. ಪೆರ್ಲ, ಅಡ್ಯನಡ್ಕಗಳ ಆಚೆಗಿನ ವಿಟ್ಲದಲ್ಲಿ ದೊಂಬ ಹೆಗ್ಗಡೆ ಕುಂಪಣಿಯ ವಿರುದ್ಧ ಎದ್ದುನಿಂತ. ಮತ್ತೊಂದು ಕಡೆಯಿಂದ ತಿಮ್ಮ ನಾಯಕನೆಂಬವನು ತನ್ನ ಜನರೊಡನೆ ಜಮಾಲಾಬಾದ್ ಕೋಟೆಯನ್ನೇ ಹಿಡಿದುಬಿಟ್ಟ.

ಹಿಡಿದದ್ದು ಮುತ್ತಿಗೆ ಹಾಕಿಯಲ್ಲ, ಅನಿರೀಕ್ಷಿತವಾಗಿ ಮೇಲೆ ಬಿದ್ದು. ತೋಪಿಟ್ಟು ತಿಂಗಳುಗಟ್ಟಲೆ ಹೊಡೆದರೂ ಜಗ್ಗದ ಬಂಡೆ, ಕಾವಲಿನವರು ಎಚ್ಚರ ತಪ್ಪಿದ ಒಂದು ಗಳಿಗೆಯಲ್ಲಿ ಕೈ ಬದಲಾಯಿಸಿತು. ಇಂಥದು ನಮ್ಮಲ್ಲಿ ಮಾತ್ರ ಆದದ್ದಲ್ಲ. 1670ರ ಫೆಬ್ರವರಿಯ ಒಂದು ರಾತ್ರಿ ಶಿವಾಜಿಯ ತಾನಾಜಿ ಮಾಲುಸರೆ ಕೊಂಡಾಣದ ಕಡಿದಾದ ಬದಿಯನ್ನು ಹತ್ತಿದ; ಉಡಕ್ಕೆ ಹಗ್ಗ ಕಟ್ಟಿ ಏರಿದರೆಂಬ ಕತೆ ಆಮೇಲೆ ಬೆಳೆಯಿತು. 1780ರ ಆಗಸ್ಟಿನಲ್ಲಿ ಗ್ವಾಲಿಯರನ್ನು ಹಿಡಿದ ಕುಂಪಣಿಯ ಸಿಪಾಯಿಗಳು ಸಪ್ಪಳವಾಗದಂತೆ ಹತ್ತಿ ತುಂಬಿದ ಪಾದರಕ್ಷೆ ಹಾಕಿಕೊಂಡು ಏಣಿಗಳಲ್ಲಿ ಬಂಡೆ ಏರಿದ್ದರು. ಹತ್ತಲಾಗದೆಂದು ನಂಬಿ ಮಲಗಿದವರ ಕೋಟೆಗಳೇ ಹೀಗೆ ಹೋಗುವುದು.

ಆದರೆ ತಿಮ್ಮ ನಾಯಕನ ಕತೆಯ ಎರಡನೆಯ ಭಾಗ ಅಷ್ಟು ಸುಲಭದ್ದಲ್ಲ. ಕುಂಪಣಿಯ ಸೇನೆ ಬಂದು ಬಂಡೆಯನ್ನು ಸುತ್ತುಗಟ್ಟಿತು. ಮೇಲೆ ಹತ್ತುವ ಗೋಜಿಗೆ ಅದು ಹೋಗಬೇಕಾಗಿರಲಿಲ್ಲ. ದಾರಿ ಒಂದೇ, ಅದರ ಬುಡದಲ್ಲಿ ಕುಳಿತರಾಯಿತು. ಸುಮಾರು ಮೂರು ತಿಂಗಳು ಹಾಗೆ ಕುಳಿತಿತು. ಮೇಲೆ ನೀರಿತ್ತು, ಅಕ್ಕಿ ಎಷ್ಟು ದಿನ ಬಂದೀತು? ವೈರಿ ಹತ್ತದ ಹಾಗೆ ಕಡಿದ ದಾರಿಯಲ್ಲಿ ತಾವು ಇಳಿಯುವುದೂ ಆಗದೆ ಅವರ ಹೋರಾಟ ಮುಗಿಯಿತು. ವಿಟ್ಲದ ಹೆಗ್ಗಡೆಯನ್ನು 1800ರಲ್ಲಿ ಗಲ್ಲಿಗೇರಿಸಿದರು. ಕುಂಬಳೆಯ ಅರಸ 1804ರಲ್ಲಿ ವರ್ಷಕ್ಕೆ 11,788 ರೂಪಾಯಿಯ ಮಾಲಿಕಾನಕ್ಕೆ ಒಪ್ಪಿ ಸುಮ್ಮನಾದ. ಮಾಯಿಪ್ಪಾಡಿಯ ಅರಮನೆಯ ಮುಂದೆ ಹೋಗುವಾಗ ನನಗೆ ಆ ಅಂಕೆ ನೆನಪಾಗುತ್ತದೆ. ರಾಜ್ಯವೊಂದರ ಬೆಲೆಯನ್ನು ಬಿಡಿ ರೂಪಾಯಿಯವರೆಗೆ ಲೆಕ್ಕ ಹಾಕಿದ ಕುಂಪಣಿಯ ಗುಮಾಸ್ತರ ನಿಯತ್ತು ದೊಡ್ಡದು!

ಈ ಸಂಚಿಕೆಯ ಮಲಯಾಳ ಪುಟಗಳನ್ನು ಓದುವ ಸ್ನೇಹಿತರಿಗೆ ಇಲ್ಲಿ ಪಳಶ್ಶಿ ರಾಜ ನೆನಪಾಗದಿರನು. ಅದೇ 1800ರಲ್ಲಿ ಅವನು ವಯನಾಡಿನ ಕಾಡಿನಲ್ಲಿ ಕುಂಪಣಿಯೊಡನೆ ಕಾದುತ್ತಿದ್ದ. ಮೈಸೂರಿನ ಜತೆಗೆ ಮಲಬಾರು, ಕೆನರಾಗಳ ಸೇನಾಭಾರವೂ ಆರ್ಥರ್ ವೆಲ್ಲೆಸ್ಲಿಯ ಮೇಲೆಯೇ ಇತ್ತು. ವಾಟರ್‌ಲೂನಲ್ಲಿ ನೆಪೋಲಿಯನನನ್ನು ಸೋಲಿಸಿ ಹೆಸರಾದ ವೆಲ್ಲಿಂಗ್ಟನ್ ಇವನೇ. ಪಳಶ್ಶಿ 1805ರ ನವೆಂಬರ್ 30ರವರೆಗೆ ಹೋರಾಡಿದ. ಅವನಿಗಿದ್ದುದು ಕಾಡು, ಕಾಡಿಗೆ ನೂರು ದಾರಿ, ಕುರಿಚ್ಯರಂಥ ದಾರಿ ಬಲ್ಲ ಜತೆಗಾರರು. ತಿಮ್ಮ ನಾಯಕನಿಗಿದ್ದುದು ಬಂಡೆ. ಐದು ವರ್ಷಕ್ಕೂ ಮೂರು ತಿಂಗಳಿಗೂ ಇರುವ ಅಂತರದಲ್ಲಿ ಶೌರ್ಯದ ಹೆಚ್ಚುಕಡಿಮೆಯನ್ನು ಹುಡುಕುವುದು ಅನ್ಯಾಯ. ಆ ಅಂತರದಲ್ಲಿ ಹೆಚ್ಚಿನ ಪಾಲು ನೆಲದ್ದು.

ನಮ್ಮ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದಿದರೂ ಪಠ್ಯ ಕೇರಳದ್ದು. ಪಳಶ್ಶಿ ರಾಜನೂ ವೇಲುತಂಬಿಯೂ ಅವರಿಗೆ ಗೊತ್ತು; ಗೊತ್ತಿರಲೇಬೇಕು, ನಾವಿರುವ ನಾಡಿನ ವೀರರವರು. ವಿಟ್ಲದ ಹೆಗ್ಗಡೆ, ತಿಮ್ಮ ನಾಯಕ ಅವರಿಗೆ ಗೊತ್ತಿಲ್ಲ. ಗಡಿಯ ಆಚೆಗಿನ ಮಕ್ಕಳಿಗೆ ಗಡಾಯಿಕಲ್ಲು ಗೊತ್ತು. ಅದು ಬೇಕಲ, ಕುಂಬಳೆಗಳ ಕತೆಗೆ ಸೇರಿದ್ದೆಂದು ಗೊತ್ತಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೂ ಉಳಿದ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೂ ಹೋದಾಗ ಭಾಗವಾದದ್ದು ತಾಲೂಕು ಮಾತ್ರವಲ್ಲ. 1799ರಿಂದ ಒಂದೇ ಕಲೆಕ್ಟರನ ಕಡತದಲ್ಲಿದ್ದ ಒಂದು ಬಂಡಾಯ ಎರಡು ಪಾಠಪುಸ್ತಕಗಳ ನಡುವಿನ ಸಂದಿಯಲ್ಲಿ ಬಿದ್ದುಹೋಯಿತು. ಚಂದ್ರಗಿರಿಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದನ್ನು ನಮ್ಮ ಹಿರಿಯರು ಆಗಾಗ ನೆನೆಯುತ್ತಾರೆ. ಅದರ ಚರ್ಚೆಗೆ ಇದು ಜಾಗವಲ್ಲ. ಆಯೋಗ ಹೇಳಲಿ ಬಿಡಲಿ, ಮನೆಯಲ್ಲಿ ಕೂತು ಕತೆ ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಅಜ್ಜ ಅಜ್ಜಿಯರು ಇದ್ದ ಮನೆಗಳಲ್ಲಿ ಅದು ನಡೆಯುತ್ತಿತ್ತು. ಈಗ ಯಾರಾದರೊಬ್ಬರು ಓದಿಕೊಂಡು ಹೇಳಬೇಕಾಗಿದೆ.

ಬಂಡೆ ಹತ್ತುವುದನ್ನೇ ಕ್ರೀಡೆಯಾಗಿ ಮಾಡಿಕೊಂಡವರ ಬಗೆಗೂ ಒಂದು ಮಾತು. ಸಾವನದುರ್ಗ, ರಾಮನಗರ, ಬಾದಾಮಿಗಳ ಬಂಡೆಗಳಿಗೆ ಇಂದು ಹೊರದೇಶಗಳಿಂದಲೂ ಆರೋಹಿಗಳು ಬರುತ್ತಾರೆ. ಅವರಲ್ಲಿ ಎರಡು ಪಂಥ. ಒಂದು ಪಂಥದವರು ಬಂಡೆಗೆ ತೂತು ಕೊರೆದು ಕಬ್ಬಿಣದ ಮೊಳೆ ಬಿಗಿದು ಅದಕ್ಕೆ ಹಗ್ಗ ಹಾಯಿಸುತ್ತಾರೆ. ಸಾಂಪ್ರದಾಯಿಕರೆಂದು ಕರೆಸಿಕೊಳ್ಳುವ ಇನ್ನೊಂದು ಪಂಥದವರು ಕಲ್ಲಿನ ಬಿರುಕುಗಳಲ್ಲಿ ಲೋಹದ ತುಂಡುಗಳನ್ನು ಸಿಕ್ಕಿಸಿ, ಹಗ್ಗ ಹಾಕಿ ಏರಿ, ಮತ್ತೆ ಎಲ್ಲವನ್ನೂ ಕಳಚಿ ತರುತ್ತಾರೆ. ಹತ್ತಿದ ಗುರುತು ಬಂಡೆಯ ಮೇಲೆ ಉಳಿಯಬಾರದು. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಏರಿ ‘ಕೋತಿರಾಜ್’ ಎಂದು ಹೆಸರಾದ ಜ್ಯೋತಿರಾಜ್ 2023ರ ಫೆಬ್ರವರಿಯಲ್ಲಿ ಗಡಾಯಿಕಲ್ಲಿಗೆ ಬಂದು, ಮೆಟ್ಟಿಲ ದಾರಿಯನ್ನು ಬಿಟ್ಟು, ಬಂಡೆಯ ನೇರ ಬದಿಯಿಂದಲೇ ತುದಿ ಮುಟ್ಟಿದರು. ಪತ್ರಿಕೆಯಲ್ಲಿ ಅದನ್ನು ಓದಿದಾಗ ನನಗೆ ಮೆಟ್ಟಿಲು ಕಡಿದವರೇ ನೆನಪಾದರು. ಅವರಿಗೆ ಹಗ್ಗವಿತ್ತೋ, ಬಳ್ಳಿಯಿತ್ತೋ. ಚಪ್ಪಾಳೆ ಮಾತ್ರ ಇರಲಿಲ್ಲ.

ಹೋಗಬೇಕೆನ್ನುವವರಿಗೆ ದಾರಿ ಹೇಳಿ ಮುಗಿಸುತ್ತೇನೆ. ಕಾರಡ್ಕದಿಂದ ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿಗೆ ಹೋಗಿ ಪುತ್ತೂರು ಸೇರಬಹುದು. ಬದಿಯಡ್ಕ, ಪೆರ್ಲದ ದಾರಿಯೂ ಇದೆ. ಪುತ್ತೂರಿನಿಂದ ಉಪ್ಪಿನಂಗಡಿ, ಗುರುವಾಯನಕೆರೆ, ಬೆಳ್ತಂಗಡಿ. ಅಲ್ಲಿಂದ ಲಾಯಿಲದಲ್ಲಿ ಕಿಲ್ಲೂರಿನ ರಸ್ತೆ ಹಿಡಿದರೆ ಎಂಟು ಕಿಲೋಮೀಟರಿನೊಳಗೆ ಮಂಜೊಟ್ಟಿ; ಬಂಡೆ ಎದುರಿಗೇ ಇದೆ. ಜಾಗ ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿದ್ದು. ಬುಡದಲ್ಲಿ ಚೀಟಿ ಮಾಡಿಸಿ ಹತ್ತಬೇಕು; ಮಳೆಗಾಲದಲ್ಲಿ ಬಿಡುವುದಿಲ್ಲ, ಬಿಟ್ಟರೂ ಹೋಗಬಾರದು, ಪಾಚಿಗಟ್ಟಿದ ಮೆಟ್ಟಿಲು ಯಾರ ಗುರುತನ್ನೂ ಇಟ್ಟುಕೊಳ್ಳುವುದಿಲ್ಲ. ಬಿಸಿಲೇರುವ ಮೊದಲೇ ಹತ್ತಲು ತೊಡಗಿದರೆ ಒಳ್ಳೆಯದು. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ಮೇಲಿನ ಕೆರೆಯ ನೀರು ನೋಡಲಿಕ್ಕಷ್ಟೆ. ಮೊಣಕಾಲು ನೋವಿನವರು ಮೊದಲ ಬಾಗಿಲಿನವರೆಗೆ ಹೋಗಿ ಕುಳಿತರೂ ನಷ್ಟವಿಲ್ಲ, ನೋಡಬೇಕಾದುದರಲ್ಲಿ ಅರ್ಧ ಅಲ್ಲಿಯೇ ಇದೆ. ಮಕ್ಕಳು ಜತೆಗಿದ್ದರೆ, ಇಳಿಯುವಾಗ ಕಡಿದಾದ ಕಡೆ ಕಲ್ಲಿಗೆ ಮುಖ ಮಾಡಿ ಇಳಿಯಬೇಕೆಂದು ಹತ್ತುವ ಮೊದಲೇ ಹೇಳಿಡಿ. ಮೇಲೆ ಹೋದ ಮೇಲೆ ಅವರು ಕೇಳುವುದಿಲ್ಲ.